ದಾರದ ಆಚೆ ತುದಿ

ಕೆಸ್ಲರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೆ ಮೂವತ್ತೊಂದು ವರ್ಷದಿಂದ ಗೆರೆ ಎಳೆಯುತ್ತಿದ್ದವನು ವೆಂಡೆಲ್ ಹ್ರುಸ್ಕಾ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಐದೈದು ಗಜಕ್ಕೊಂದು ಬಿಳಿ ಗೆರೆ ಹೊಡೆಯುವುದು, ಅಂಕಿ ಬರೆಯುವುದು, ನಟ್ಟನಡುವೆ ಕಾಲೇಜಿನ ಲಾಂಛನವಾದ ಕಿತ್ತಳೆ ಬಣ್ಣದ ಕಾಡೆಮ್ಮೆ, ಎರಡು ಬದಿಗೆ ಲೀಗಿನ ಗುರುತು. ಇಷ್ಟು ಅವನ ಉದ್ಯೋಗ. ಶನಿವಾರ ಇಪ್ಪತ್ತು ಸಾವಿರ ಜನ ಬಂದು ಆಟಗಾರರ ಹೆಸರು ಕೂಗುತ್ತಿದ್ದರು, ತರಬೇತುದಾರನ ವಂಶ ಜಾಲಾಡುತ್ತಿದ್ದರು. ಗೆರೆ ನೇರವಾಗಿದೆ ಎಂದು ಮಾತ್ರ ಒಬ್ಬ ನರಪಿಳ್ಳೆಯೂ ಹೇಳಿದ್ದಿಲ್ಲ. ಸೊಟ್ಟಗಾದರೆ ಹೇಳುತ್ತಿದ್ದರು. "ನಿನ್ ಕೆಲಸ ಉಪ್ಪಿನ ಥರ ಕಣೋ, ಹೆಚ್ಚು ಕಮ್ಮಿ ಆದ್ರಷ್ಟೇ ಗೊತ್ತಾಗೋದು" ಎನ್ನುತ್ತಿದ್ದಳು ಅವನ ಹೆಂಡತಿ ಲವೋನ್.

ಅವನಿಗೊಬ್ಬ ಅಣ್ಣ, ರಾಲಿ. ನೂರ ನಲವತ್ತು ಮೈಲಿ ಆಚೆ ಹಾರ್ಮನ್ನಿನ ದೊಡ್ಡ ಕಾಲೇಜಿನಲ್ಲಿ ಅವನದೂ ಇದೇ ಉದ್ಯೋಗ, ಬಣ್ಣ ಮಾತ್ರ ನೇರಳೆ. ಇಬ್ಬರಿಗೂ ಕೆಲಸ ಕಲಿಸಿದವನು ಅಪ್ಪ ಎಮಿಲ್. ಅವನು ಟೇಬರ್ ಎಂಬ ಅಂಗೈಯಗಲದ ಊರಿನಲ್ಲಿ ಚೆಂಡಾಟದ ಬಯಲು ನೋಡಿಕೊಂಡಿದ್ದವನು. "ಕಣ್ಣು ಸುಳ್ಳು ಹೇಳುತ್ತೆ, ದಾರ ಹೇಳಲ್ಲ" ಎನ್ನುವುದು ಅವನ ವೇದ. ಚಿಕ್ಕವರಿದ್ದಾಗ ಅಣ್ಣ ತಮ್ಮ ದಾರದ ಎರಡು ತುದಿ ಹಿಡಿದು ನಿಲ್ಲುತ್ತಿದ್ದರು, ಅಪ್ಪ ನಡುವೆ ಸುಣ್ಣದ ಗಾಡಿ ತಳ್ಳುತ್ತಿದ್ದ. ಯಾರಾದರೂ ಕೈ ಸಡಿಲ ಬಿಟ್ಟರೆ ಅಪ್ಪ ಬೈಯುತ್ತಿರಲಿಲ್ಲ, ಗಾಡಿ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದ. ಬೈದಿದ್ದರೆ ವಾಸಿಯಿತ್ತು.

ಆ ಅಪ್ಪ ಸತ್ತದ್ದು ಒಂದು ಅಕ್ಟೋಬರಿನ ಶನಿವಾರ. ಅವತ್ತು ಕೆಸ್ಲರಿನಲ್ಲಿ ಆಟ. ಹಿಂದಿನ ದಿನ ಮಳೆ ಹೊಡೆದು ಗೆರೆಯೆಲ್ಲ ಕಲಸಿ ಹೋಗಿತ್ತು. ಹಾರ್ಮನ್ ತಂಡ ಪರ ಊರಿನಲ್ಲಿ ಆಡುತ್ತಿದ್ದರಿಂದ ರಾಲಿಗೆ ಬಿಡುವು, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದಲ್ಲಿದ್ದ. ಬೆಳಿಗ್ಗೆ ಹತ್ತಕ್ಕೆ ಅವನು ಫೋನು ಮಾಡಿ, "ಈಗ್ಲೇ ಹೊರಡು" ಅಂದ. "ಆಟ ಮುಗಿಸ್ಕೊಂಡು ಬಂದ್ಬಿಡ್ತೀನಿ" ಅಂದ ವೆಂಡೆಲ್. ಆಟ ಮುಗಿದದ್ದು ನಾಲ್ಕಕ್ಕೆ, ಅಪ್ಪ ಮುಗಿದದ್ದು ಮೂರೂ ಹತ್ತಕ್ಕೆ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಜನ ಕಾಫಿ ಕುಡಿಯುತ್ತ, ಹಣ್ಣಿನ ಹೂರಣದ ಕೊಲಾಚೆ ತಿನ್ನುತ್ತ ನಿಂತಿದ್ದಾಗ ರಾಲಿ ಎಲ್ಲರ ಎದುರಿಗೇ ಅಂದ: "ಅಪ್ಪನಿಗಿಂತ ಸುಣ್ಣದ ಗೆರೆ ಹೆಚ್ಚಾಯ್ತು ಇವನಿಗೆ."

ವೆಂಡೆಲ್ ತಲೆ ತಗ್ಗಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ತಟ್ಟೆ ಕೆಳಗಿಟ್ಟು ಹೇಳಿದ: "ನಿಂಗೆ ಬಿಡುವಿತ್ತು, ಬಂದೆ. ಅದೇನ್ ದೊಡ್ಡ ಸಾಧನೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣತಮ್ಮಂದಿರ ಮಧ್ಯೆ ಮಾತು ಅವತ್ತಿಗೆ ನಿಂತಿತು. ಕ್ರಿಸ್‌ಮಸ್ಸಿಗೆ ಹೆಂಡಂದಿರು ಕಾರ್ಡು ಕಳಿಸಿಕೊಳ್ಳುತ್ತಿದ್ದರು, ಗಂಡಂದಿರು ಅದರ ಕೆಳಗೆ ರುಜು ಸಹ ಹಾಕುತ್ತಿರಲಿಲ್ಲ.

ಪೂರ್ತಿ ಕಡಿದುಹೋಗದಂತೆ ಉಳಿಸಿದ್ದು ಒಂದು ಹಳೆಯ ಪದ್ಧತಿ. ಕೆಸ್ಲರ್ ಮತ್ತು ಹಾರ್ಮನ್ ನಡುವಿನ ಆಟ ಪ್ರತಿ ನವೆಂಬರಿನಲ್ಲಿ, ತೊಂಬತ್ತೇಳು ವರ್ಷದಿಂದ. ಆಟ ಮುಗಿದ ಮೇಲಿನ ಸೋಮವಾರ ಗೆದ್ದ ಕಾಲೇಜಿನ ಗೆರೆಯವನು ಸೋತವರ ಮೈದಾನಕ್ಕೆ ಹೋಗಿ, ಅದರ ತುದಿಯ ಹತ್ತು ಗಜದಲ್ಲಿ ತನ್ನ ಕಾಲೇಜಿನ ಹೆಸರಿನ ಮೊದಲ ಅಕ್ಷರವನ್ನು ತನ್ನ ಬಣ್ಣದಲ್ಲಿ ಬರೆದು ಬರಬೇಕು. ಹಿಮ ಬಿದ್ದು ಮುಚ್ಚುವ ತನಕ ಅಳಿಸುವಂತಿಲ್ಲ. ಸೋತವರ ಗೆರೆಯವನು ಕಾಫಿ ಕೊಟ್ಟು ದಾರ ಹಿಡಿಯಬೇಕು. ಇದನ್ನು ಯಾರು ಶುರು ಮಾಡಿದರೋ ದೇವರಿಗೇ ಗೊತ್ತು. ಸೋತ ಗಾಯಕ್ಕೆ ಉಪ್ಪು ಸುರಿಯುವುದಕ್ಕೆ ಮನುಷ್ಯ ಎಂತೆಂಥ ದಾರಿ ಹುಡುಕುತ್ತಾನೆ ನೋಡಿ.

ಅಪ್ಪ ಸತ್ತ ಮೂರು ವಾರಕ್ಕೆ ಆ ವರ್ಷದ ಆಟ ಬಂತು. ಕೆಸ್ಲರ್ ಸೋತಿತು. ರಾಲಿ ಬೇರೆ ಯಾರನ್ನಾದರೂ ಕಳಿಸುತ್ತಾನೆ ಎಂದುಕೊಂಡಿದ್ದ ವೆಂಡೆಲ್. ಸೋಮವಾರ ಒಂಬತ್ತಕ್ಕೆ ರಾಲಿಯ ಪಿಕಪ್ ಗಾಡಿ ಬಂದು ನಿಂತಿತು. ರಾಲಿ ಸ್ಟಿಯರಿಂಗ್ ಚಕ್ರದ ಮೇಲಿಂದ ಒಂದು ಬೆರಳೆತ್ತಿದ. ನಮ್ಮ ಕಡೆ ದಾರಿಯಲ್ಲಿ ಎದುರಾದ ಪರಿಚಯವಿಲ್ಲದವನಿಗೂ ಅಷ್ಟು ಎತ್ತುತ್ತೇವೆ. ಇಳಿದು ಬಂದು ದಾರದ ತುದಿಯನ್ನು ತಮ್ಮನ ಕಡೆ ಚಾಚಿ, "ಹಿಡಿ" ಅಂದ. ವೆಂಡೆಲ್ ಹಿಡಿದ.

ಅಲ್ಲಿಂದ ಮುಂದೆ ವರ್ಷಕ್ಕೆ ಅರ್ಧ ದಿನ. ಹಾರ್ಮನ್ ಗೆದ್ದರೆ ಅಣ್ಣ ಇಲ್ಲಿಗೆ, ಕೆಸ್ಲರ್ ಗೆದ್ದರೆ ತಮ್ಮ ಅಲ್ಲಿಗೆ. ಯಾರು ಗೆದ್ದರೂ ಇಬ್ಬರೂ ದಾರದ ಎರಡು ತುದಿಗೆ. "ಎಳಿ." "ಸಾಕು." "ಬಿಡು." ಇಷ್ಟೇ ಮಾತು. ಅಷ್ಟು ದೂರದಿಂದ ಅಣ್ಣನ ಕೈ ನಡುಗುವುದು ತಮ್ಮನಿಗೆ ಗೊತ್ತಾಗುತ್ತಿತ್ತು, ತಮ್ಮನ ಸೊಂಟ ಹಿಡಿದುಕೊಂಡಿರುವುದು ಅಣ್ಣನಿಗೆ. ದಾರ ಸುಳ್ಳು ಹೇಳುವುದಿಲ್ಲವಲ್ಲ. ವೆಂಡೆಲನಿಗೆ ಹುಟ್ಟಿದ ಮನೆಯೆಂದು ಉಳಿದದ್ದು ಆ ಅರ್ಧ ದಿನ ಮಾತ್ರ.

ಹಾಗೆ ನೋಡಿದರೆ ದಾರದ ಇನ್ನೊಂದು ತುದಿಗೆ ಮನುಷ್ಯನೇ ಬೇಕೆಂದಿಲ್ಲ. ಕಬ್ಬಿಣದ ಗೂಟ ಹೊಡೆದು ಕಟ್ಟಿದರಾಯಿತು. ಮಿಕ್ಕ ದಿನವೆಲ್ಲ ವೆಂಡೆಲ್ ಮಾಡುತ್ತಿದ್ದದ್ದು ಅದೇ. ಲವೋನ್ ಒಮ್ಮೆ ಕೇಳಿಯೂ ಕೇಳಿದಳು: "ಗೂಟ ಇದೆಯಲ್ಲ, ಸೋಮವಾರ ಯಾಕೆ ನೀನೇ ಗೂಟ ಆಗ್ತೀಯ?"

"ಪದ್ಧತಿ."

"ಪದ್ಧತಿಯಂತೆ. ಇಬ್ರೂ ಒಂದೇ ಅಚ್ಚಿನ ಕತ್ತೆಗಳು!"

ವೆಂಡೆಲ್ ಟೊಪ್ಪಿ ಹಾಕಿಕೊಂಡು ಹೊರಟ. ವಾದಕ್ಕೆ ನಿಂತಿದ್ದರೂ ಅವಳೇ ಗೆಲ್ಲುತ್ತಿದ್ದಳು.

ಇನ್ನು ಲೀಗಿನ ಕಥೆಗೆ ಬರೋಣ. ಎಂಟು ಕಾಲೇಜುಗಳ ನಮ್ಮ ಪ್ರೇರಿ ಲೀಗ್, ಗೋಧಿ ತೆನೆಯ ಗುರುತಿನದು, ಎಲ್ಲ ಊರುಗಳೂ ಅರ್ಧ ದಿನದ ದಾರಿ. ಇದ್ದಕ್ಕಿದ್ದಂತೆ ಒಂದು ಜೂನ್ ತಿಂಗಳಲ್ಲಿ, ಹಾರ್ಮನ್ನಿಗೆ ಕರಾವಳಿಯ ದೊಡ್ಡ ಲೀಗಿನಿಂದ ಕರೆ ಬಂತು. ಟಿವಿಯವರ ದುಡ್ಡು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ, ಹಾರ್ಮನ್ನಿನವರದಂತೂ ಜೀವವಿದ್ದ ಬಾಯಿ. ಇನ್ನೊಂದು ವರ್ಷ ಆಡಿ ಹೊರಡುತ್ತೇವೆ ಎಂದರು. ಅವರು ಹೊರಟರೆಂದು ಇನ್ನಿಬ್ಬರು, ಆ ಇಬ್ಬರು ಹೊರಟರೆಂದು ಮತ್ತೆ ಇಬ್ಬರು. ಸ್ವೆಟರಿನ ಒಂದೆಳೆ ಎಳೆದ ಹಾಗೆ ಎರಡು ತಿಂಗಳಲ್ಲಿ ಲೀಗು ಬಿಚ್ಚಿಕೊಂಡಿತು, ಉಳಿದವರು ಮೂವರು.

ಕೆಸ್ಲರಿನ ಆಡಳಿತ ಮಂಡಳಿ ಆಗಸ್ಟಿನಲ್ಲಿ ಸಭೆ ಕರೆಯಿತು. ಊರಿನ ಜನರೂ ಬರಬಹುದೆಂದಿದ್ದರು. ಕ್ರೀಡಾ ನಿರ್ದೇಶಕ ಟ್ರೆಂಟ್ ಬಾಸ್ಕಮ್, ಮೂರು ವರ್ಷದ ಹಿಂದೆ ಬಂದವನು, ಹಲ್ಲು ಬಹಳ ಬಿಳುಪು. ಗೋಡೆಯ ಮೇಲೆ ನಕ್ಷೆ ಹಾಕಿ ತೋರಿಸಿದ. ಸೇರಬೇಕಾದ ಹೊಸ ಲೀಗಿನ ಹೆಸರು ಕಾಂಟಿನೆಂಟಲ್, ಗುರುತು ಮೇಲಕ್ಕೆ ಚಿಮ್ಮುವ ಬಾಣ. ಅತಿ ಹತ್ತಿರದ ಎದುರಾಳಿ ಆರುನೂರು ಮೈಲಿ, ಅತಿ ದೂರದವರು ಸಾವಿರದ ಇನ್ನೂರು.

"ಸೇರದಿದ್ರೆ ನಮ್ಮ ಕಥೆ ಮುಗೀತು" ಎಂದ ಬಾಸ್ಕಮ್. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಪೂರ್ತಿ ಕಳ್ಳನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಹಾರ್ಮನ್ ಜೊತೆ ಆಟ?" ಎಂದು ಮುಂದಿನ ಸಾಲಿನ ಮುದುಕ ರೈತನೊಬ್ಬ ಕೇಳಿದ.

"ಸದ್ಯಕ್ಕೆ ಇಲ್ಲ. ಎರಡೂ ಕಡೆ ವೇಳಾಪಟ್ಟಿಯಲ್ಲಿ ಜಾಗ ಸಿಗ್ತಾ ಇಲ್ಲ."

"ಸಾವಿರದ ಇನ್ನೂರು ಮೈಲಿ ಆಚೆಯವ್ರಿಗೆ ಜಾಗ ಇದೆ, ಪಕ್ಕದ ಮನೆಯವ್ರಿಗೆ ಇಲ್ವಾ? ನಕ್ಷೆ ತಲೆಕೆಳಗಾಗಿ ಹಾಕಿದೀಯ ನೋಡು ಮಾರಾಯ!"

ಜನ ನಕ್ಕರು. ಮಂಡಳಿಯವರು ಕೈಯೆತ್ತಿ ಮತ ಹಾಕಿದರು. ಒಬ್ಬರೂ ವಿರೋಧಿಸಲಿಲ್ಲ. ವೆಂಡೆಲ್ ಬಾಗಿಲ ಪಕ್ಕ ಗೋಡೆಗೊರಗಿ ನಿಂತಿದ್ದ. ಅವನ ಪ್ರಶ್ನೆ ಮುದುಕನೇ ಕೇಳಿಯಾಗಿತ್ತು, ಉತ್ತರವೂ ಸಿಕ್ಕಿತ್ತು. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದ. ಏನೂ ಆಗಲಿಲ್ಲ. ಹಲ್ಲು ಕೀಳುವಾಗ ವೈದ್ಯರು ಚುಚ್ಚಿದ ಮೇಲೆ ದವಡೆ ತನ್ನದಲ್ಲ ಎನಿಸುತ್ತದಲ್ಲ, ಹಾಗಿತ್ತು.

ಮನೆಯಲ್ಲಿ ಲವೋನ್ ಹುರುಳಿಕಾಯಿ ಬಿಡಿಸುತ್ತಿದ್ದಳು. "ಏನಾಯ್ತು?"

"ಸೇರ್ತಾರಂತೆ."

"ಮತ್ತೆ ಸೋಮವಾರ?"

ಊರಿಗೆಲ್ಲ ಆಟದ ಚಿಂತೆ, ಸೋಮವಾರದ ಬಗ್ಗೆ ಕೇಳಿದವಳು ಅವಳೊಬ್ಬಳೇ. "ಇನ್ನೊಂದಿದೆ" ಎಂದು ಹೇಳಿ ವೆಂಡೆಲ್ ಕೈ ತೊಳೆಯಲು ಹೋದ.

ಆ ಇನ್ನೊಂದೂ ಬಂತು. ನವೆಂಬರಿನ ಕೊನೆಯ ಆಟದಲ್ಲಿ ಹಾರ್ಮನ್ ಕೆಸ್ಲರನ್ನು ಚಿಂದಿ ಮಾಡಿತು. ಸೋಮವಾರ ರಾಲಿ ಬಂದ, ಬೆರಳೆತ್ತಿದ, "ಹಿಡಿ" ಅಂದ. ಆ ವರ್ಷ ಬಿಸಿಲು ಚೆನ್ನಾಗಿತ್ತು. ನೇರಳೆ ಅಕ್ಷರ ಹನ್ನೊಂದಕ್ಕೇ ಮುಗಿಯಿತು. ಇದು ಕೊನೆಯದೆಂದು ಇಬ್ಬರಿಗೂ ಗೊತ್ತು, ಇಬ್ಬರಿಗೂ ಗೊತ್ತೆಂದೂ ಗೊತ್ತು. ರಾಲಿ ದಾರವನ್ನು ಮರದ ತುಂಡಿಗೆ ಸುತ್ತತೊಡಗಿದ. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ತೆಗೆದುಕೊಂಡ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

"ದಾರ ಹಳೇದಾಯ್ತು" ಎಂದ ಕೊನೆಗೆ.

ಹತ್ತೊಂಬತ್ತು ವರ್ಷದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಬಾಗಿಲನ್ನು ಒಂದಿಷ್ಟು ತೆರೆದು ಹಿಡಿದ ಹಾಗೆ. ತಮ್ಮ ಒಳಗೆ ಕಾಲಿಡಬೇಕಿತ್ತು ಅಷ್ಟೇ. ವೆಂಡೆಲನ ಬಾಯಿಗೆ ಬಂದದ್ದು "ಹೂಂ" ಮಾತ್ರ. ರಾಲಿ ದಾರವನ್ನು ಅಲ್ಲೇ ಬೆಂಚಿನ ಮೇಲಿಟ್ಟು ಹೊರಟ. ಗಾಡಿ ಗೇಟು ದಾಟುವಾಗ ಬೆರಳೆತ್ತಿದನೋ ಇಲ್ಲವೋ, ಗಾಜಿನ ಮೇಲೆ ಬಿಸಿಲಿದ್ದು ಕಾಣಲಿಲ್ಲ.

ಚಳಿಗಾಲ ಕಳೆಯಿತು. ವೆಂಡೆಲ್ ಹುಲ್ಲಿಗೆ ಗೊಬ್ಬರ ಹಾಕಿದ, ಯಂತ್ರದ ಅಲಗು ಮಸೆದ, ಉಂಡ, ಮಲಗಿದ. ಚಿಲ್ಲಿ ಎಂಬ ಖಾರದ ಮಾಂಸದ ಸಾರಿನ ಜೊತೆ ದಾಲ್ಚಿನ್ನಿಯ ಸಿಹಿ ಬನ್ನು ಇಟ್ಟಾಗ ಬನ್ನು ಮರೆತು ಏಳುತ್ತಿದ್ದ. "ನಿನ್ ಎದುರಿಗೆ ಮರದ ಹೊಟ್ಟು ಇಟ್ರೂ ತಿಂತೀಯ" ಎಂದು ಲವೋನ್ ರೇಗಿದಳು.

ಸೆಪ್ಟೆಂಬರಿನಲ್ಲಿ ಹೊಸ ಲೀಗಿನ ಮೊದಲ ಆಟ. ಬಾಣದ ಅಚ್ಚು ಬಂದಿತ್ತು, ದೊಡ್ಡ ಪ್ಲಾಸ್ಟಿಕ್ ಹಾಳೆ. ವೆಂಡೆಲ್ ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿ, ಮೊದಲು ಗೆರೆ, ಆಮೇಲೆ ಅಂಕಿ, ಆಮೇಲೆ ಕಾಡೆಮ್ಮೆ, ಆಮೇಲೆ ಎರಡು ಬದಿಯ ಗುರುತು ಎಂದು ಮಾಮೂಲಿನಂತೆ ಮುಗಿಸಿದ. ಮಧ್ಯಾಹ್ನ ಟಿವಿಯವರ ಕ್ಯಾಮೆರಾ ಹಿಡಿದು ಬಂದ ಹುಡುಗಿ, "ಸರ್, ಇದ್ಯಾವ ಲೀಗು?" ಎಂದು ಕೇಳಿದಾಗಲೇ ಅವನು ಬಗ್ಗಿ ನೋಡಿದ್ದು. ಬಲಕ್ಕೊಂದು, ಎಡಕ್ಕೊಂದು ಗೋಧಿ ತೆನೆ. ಅಚ್ಚಿಲ್ಲದೆ ಮೂವತ್ತು ವರ್ಷ ಕೈಯಲ್ಲೇ ಬಿಡಿಸಿದ್ದು. ಒಂದು ಕಾಳೂ ಹೆಚ್ಚು ಕಡಿಮೆಯಿರಲಿಲ್ಲ.

ಬಾಸ್ಕಮ್ ಓಡಿ ಬಂದ. "ವೆಂಡೆಲ್! ಏನಿದು?"

"ತೆನೆ."

"ಆ ಲೀಗು ಸತ್ತು ಹೋಗಿದೆ ಮಾರಾಯ!"

"ಕೈಗೆ ಗೊತ್ತಾಗ್ಲಿಲ್ಲ."

ಬಾಸ್ಕಮ್ ಬೈಯಲು ಬಾಯಿ ತೆರೆದವನು ಆ ಮುಖ ನೋಡಿ ಹಸಿರು ಬಣ್ಣದ ಡಬ್ಬಿ ತರಲು ಹೋದ. ತೆನೆಗಳ ಮೇಲೆ ಹಸಿರು ಸಿಂಪಡಿಸಿ, ಅದರ ಮೇಲೆ ಬಾಣ ಒತ್ತಿದರು.

ಅಕ್ಟೋಬರಿನಲ್ಲಿ ಬಣ್ಣ ಮಾರುವ ಪ್ರೂಟ್ ಬಂದ. ಎರಡೂ ಕಾಲೇಜಿಗೆ ಡಬ್ಬಿ ಹಾಕುತ್ತಿದ್ದವನು, ಬಣ್ಣದ ಜೊತೆ ಸುದ್ದಿಯನ್ನೂ ಮಾರುತ್ತಿದ್ದ, ಸುದ್ದಿ ಪುಕ್ಕಟೆ. "ಹಾರ್ಮನ್ ನನ್ನ ಕೈ ತಪ್ಪಿತು ವೆಂಡೆಲ್. ಹುಲ್ಲೆಲ್ಲ ಕಿತ್ತು ಪ್ಲಾಸ್ಟಿಕ್ ಹಾಸಿದ್ರು. ಗೆರೆ, ಗುರುತು ಎಲ್ಲ ಅದ್ರಲ್ಲೇ ಹೊಲಿದು ಬರುತ್ತೆ. ಒಂದು ಡಬ್ಬಿ ಬಣ್ಣ ಬೇಡ."

"ರಾಲಿ?"

ಪ್ರೂಟ್ ಅವನನ್ನೇ ನೋಡಿದ. ಆ ಹೆಸರನ್ನು ಈ ಬಾಯಿಂದ ಕೇಳಿದ್ದು ಅದೇ ಮೊದಲು. "ಇದಾನೆ. ಊದೋ ಯಂತ್ರ ಬೆನ್ನಿಗೆ ಕಟ್ಕೊಂಡು ಪ್ಲಾಸ್ಟಿಕ್ ಮೇಲಿನ ಎಲೆ ಊದ್ತಾನೆ. ನಾನು ಕರೆದ್ರೆ ತಿರುಗಿ ನೋಡ್ಲಿಲ್ಲ. ಕೇಳಿಸ್ಲಿಲ್ವೋ ಏನೋ, ಆ ಯಂತ್ರದ ಗದ್ದಲ."

ವೆಂಡೆಲ್ ಬಿಳಿಯ ಡಬ್ಬಿಗಳನ್ನು ಎಣಿಸಿ ಒಳಗಿಟ್ಟ. ಮತ್ತೆ ಎಣಿಸಿದ. ಲೆಕ್ಕ ಎರಡು ಸಲ ಎರಡು ಥರ ಬಂತು.

ನವೆಂಬರಿನಲ್ಲಿ ಹಾರ್ಮನ್ ಆಟವಿರಬೇಕಿದ್ದ ಶನಿವಾರ ಮೈದಾನ ಖಾಲಿ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಲವೋನ್ ಕಾಫಿಯ ಫ್ಲಾಸ್ಕು ತುಂಬಿದಳು. ಅವನು ಕಪಾಟಿನಿಂದ ಲೋಟ ತೆಗೆದು ಚೀಲಕ್ಕೆ ಹಾಕಿದ. ಎರಡು ಹಾಕಿದ. ಅವಳು ನೋಡಿ, ಕಾಫಿಯನ್ನು ದೊಡ್ಡ ಫ್ಲಾಸ್ಕಿಗೆ ಬಗ್ಗಿಸಿದಳು.

ಆ ವಾರದ ಶನಿವಾರ ಸಾವಿರದ ಇನ್ನೂರು ಮೈಲಿಯವರು ಬರುವವರಿದ್ದರು. ತುದಿಯ ಹತ್ತು ಗಜಕ್ಕೆ ಕಿತ್ತಳೆ ತುಂಬಬೇಕು. ವೆಂಡೆಲ್ ಶೆಡ್ಡಿನಿಂದ ದಾರ ತಂದ. ಅದು ರಾಲಿ ಬಿಟ್ಟುಹೋದ ದಾರ, ಅಪ್ಪನದು. ಮೂಲೆಯಲ್ಲಿ ಗೂಟ ಹೊಡೆದು ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ಆಚೆ ನಡೆದ. ಎಳೆದ. ದಾರ ಬಿಗಿಯಾಯಿತು. ನೇರವಾಗಿಯೇ ಇತ್ತು.

ಆದರೆ ನಡುಕವಿರಲಿಲ್ಲ. ಆಚೆ ತುದಿ ಸತ್ತ ಹಾಗೆ ನಿಂತಿತ್ತು. ಇಷ್ಟು ವರ್ಷ ನೂರಾರು ಸಲ ಗೂಟಕ್ಕೆ ಕಟ್ಟಿದ್ದಾನೆ, ಇದು ಯಾವತ್ತೂ ಕೈಗೆ ತಗಲಿರಲಿಲ್ಲ. ವರ್ಷಕ್ಕೊಮ್ಮೆ ಆ ಕೈ ಸಿಗುತ್ತದೆಂಬ ಭರವಸೆಯ ಮೇಲೆ ಗೂಟವೂ ನಡೆದುಹೋಗುತ್ತಿತ್ತು. ವೆಂಡೆಲ್ ಹಿಡಿದುಕೊಂಡೇ ನಿಂತ. ಎಷ್ಟು ಹೊತ್ತೋ. ಆಮೇಲೆ ದಾರವನ್ನು ಹುಲ್ಲಿನ ಮೇಲೆ ಬಿಟ್ಟು, ಬೆಂಚಿಗೆ ಬಂದು ಕೂತು, ಫೋನು ತೆಗೆದ. ನಂಬರು ಇತ್ತು. ಯಾವಾಗಲೋ ಲವೋನ್ ಹಾಕಿಟ್ಟಿದ್ದಳು.

ಊದುವ ಯಂತ್ರದ ಭರ್ರೆನ್ನುವ ಸದ್ದು ಮೊದಲು ಬಂತು, ಆಮೇಲೆ "ಯಾರು?"

"ನಾನು."

ಯಂತ್ರ ನಿಂತಿತು.

"ಈ ಸಲ ನಾವು ಸೋತ್ವಿ" ಎಂದ ವೆಂಡೆಲ್.

"ಆಟಾನೇ ಇರ್ಲಿಲ್ವಲ್ಲೋ."

"ಇರ್ಲಿಲ್ಲ. ಆದ್ರೂ ಸೋತ್ವಿ." ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ನಾನು ಸೋತೆ ರಾಲಿ. ಅವತ್ತು ನೀನು ಹೇಳಿದ ತಕ್ಷಣ ಹೊರಡ್ಬೇಕಾಗಿತ್ತು. ಗೆರೆ ಮನೆ ಹಾಳಾಗ್ಲಿ ಅಂತ ಹೊರಡ್ಬೇಕಾಗಿತ್ತು."

ರಾಲಿ ಕೆಮ್ಮಿದ. ಮೂಗು ಒರೆಸಿಕೊಂಡನೋ ಏನೋ. ಹೋಗಲಿ ಬಿಡು ಎನ್ನಲಿಲ್ಲ, ನನ್ನದೂ ತಪ್ಪಿತ್ತು ಎಂದೂ ಹೇಳಲಿಲ್ಲ. ಹ್ರುಸ್ಕಾಗಳು ಹಾಗೆಲ್ಲ ಹೇಳುವ ಪೈಕಿಯಲ್ಲ.

"ನೇರಳೆ ಇದೆಯಾ ನಿನ್ ಹತ್ರ?" ಎಂದು ಕೇಳಿದ.

"ಅರ್ಧ ಡಬ್ಬಿ. ಒಣಗಿರ್ಬೋದು."

"ಸಾಲಲ್ಲ. ಇಲ್ಲಿ ಶೆಡ್ ತುಂಬ ಬಿದ್ದಿದೆ, ಇವ್ರಿಗೆ ಯಾರಿಗೂ ಬೇಕಾಗಿಲ್ಲ. ತರ್ತೀನಿ." ಆಮೇಲೆ, "ಶನಿವಾರ ಟಿವಿಯವ್ರು ಬರ್ತಾರೆ ನಿಮ್ಮಲ್ಲಿ. ನಿಮ್ ಆ ಹಲ್ಲಿನವನು ಸುಮ್ನಿರ್ತಾನಾ?"

"ಇರಲ್ಲ."

"ಹಾಗಾದ್ರೆ ದೊಡ್ಡದಾಗೇ ಬರಿಯೋಣ" ಎಂದು ರಾಲಿ ಫೋನಿಟ್ಟ.

ಎರಡೂವರೆ ಗಂಟೆಯ ದಾರಿ. ವೆಂಡೆಲನಿಗೆ ಸಂತೋಷವಾಯಿತೇ ಎಂದರೆ ಹೇಳುವುದು ಕಷ್ಟ. ಚುಚ್ಚಿದ ಮದ್ದು ಇಳಿಯುವಾಗ ಮೊದಲು ಬರುವುದು ನೋವು. ಅವನು ಎದ್ದು ಹೋಗಿ, ಮೂಲೆಯ ಗೂಟದಿಂದ ದಾರ ಬಿಚ್ಚಿದ. ಗೂಟವನ್ನು ಎರಡು ಕೈಯಲ್ಲಿ ಅಲ್ಲಾಡಿಸಿ ಕಿತ್ತು, ಮಣ್ಣು ಒರೆಸಿ ಪೆಟ್ಟಿಗೆಗೆ ಹಾಕಿದ. ಫ್ಲಾಸ್ಕಿನ ಕಾಫಿ ಆರಿರುತ್ತದೆಂದು ನೆನಪಾಗಿ, ಬೇರೆ ಮಾಡಿಸಿಕೊಂಡು ಬರಲು ಮನೆಗೆ ಹೊರಟ.